ಆ್ಯಪ್ ‘ನಿಂತೋಯ್ತು’ ಅಂದರೆ ಏನಾಯ್ತು? ಓದುಗರ ಪ್ರಶ್ನೆ, ತಜ್ಞರ ಉತ್ತರ

ಒಂದೇ ಕೋಡ್‌ನಿಂದ ಆಂಡ್ರಾಯ್ಡ್‌ಗೂ ಐಫೋನ್‌ಗೂ ಆ್ಯಪ್ ಮಾಡುವವರು ಮೈಸೂರು, ಮಂಡ್ಯ ಕಡೆ ಈಗ ಬಹಳ ಮಂದಿ ಇದ್ದಾರೆ. ಆ್ಯಪ್ ಬಳಕೆದಾರರ ಫೋನಿನಲ್ಲಿ ಹೇಗೆ ನಡೆಯುತ್ತಿದೆ ಎಂದು ಕೂತಲ್ಲಿಂದ ತಿಳಿಯುವುದು ಹೇಗೆ ಎಂಬುದೇ ಈ ಸಲದ ಪತ್ರಗಳಲ್ಲಿ ಹೆಚ್ಚಿನವರ ಪ್ರಶ್ನೆ. ಆಯ್ದ ಎಂಟಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಹಾಲು ಉತ್ಪಾದಕರ ಸಂಘಗಳಿಗೆ ಫ್ಲಟರ್‌ನಲ್ಲಿ (ಒಂದೇ ಕೋಡ್‌ನಿಂದ ಎರಡೂ ಬಗೆಯ ಫೋನಿಗೆ ಆ್ಯಪ್ ಮಾಡುವ ಸಾಧನ) ಆ್ಯಪ್ ಮಾಡಿಕೊಟ್ಟಿದ್ದೇವೆ. ತೂಕದ ಯಂತ್ರ, ಫ್ಯಾಟ್ ನೋಡುವ ಯಂತ್ರ ಎರಡೂ ಬ್ಲೂಟೂತ್‌ನಲ್ಲಿ ಸೇರುತ್ತವೆ. ಬೆಳಗ್ಗೆ ಹಾಲು ಹಾಕಿಸಿಕೊಳ್ಳುವ ಹೊತ್ತಿಗೇ ‘ಆ್ಯಪ್ ನಿಂತೋಯ್ತು’ ಅಂತ ಕಾರ್ಯದರ್ಶಿಗಳು ಫೋನ್ ಮಾಡುತ್ತಾರೆ. ಆ್ಯಪ್ ಕುಸಿದು ಮುಚ್ಚಿಹೋದರೆ (ಕ್ರ್ಯಾಶ್) ವರದಿ ಕಳಿಸುವ ಫೈರ್‌ಬೇಸ್ ಕ್ರ್ಯಾಶ್ಲಿಟಿಕ್ಸ್ ಹಾಕಿದ್ದೇವೆ, ಅದರಲ್ಲಿ ಕ್ರ್ಯಾಶ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನಾವು ಏನು ಬಿಟ್ಟಿದ್ದೇವೆ?
– ಓದುಗರು, ಮಂಡ್ಯ

ಉತ್ತರ: ಕಾರ್ಯದರ್ಶಿಯವರ ಮಟ್ಟಿಗೆ ‘ನಿಂತೋಯ್ತು’ ಒಂದೇ ಘಟನೆ. ಫೋನಿನ ಮಟ್ಟಿಗೆ ಅದು ಕನಿಷ್ಠ ಐದು ಬೇರೆ ಬೇರೆ ಘಟನೆ. ಆ್ಯಪ್ ಪೂರ್ತಿ ಮುಚ್ಚಿಹೋಗಿರಬಹುದು. ಮುಚ್ಚದೆ, ಬೆರಳಿಟ್ಟರೂ ಅಲ್ಲಾಡದೆ ನಿಂತಿರಬಹುದು. ಡಾರ್ಟ್ (ಫ್ಲಟರ್ ಆ್ಯಪ್ ಬರೆಯುವ ಭಾಷೆ) ಕೋಡ್‌ನಲ್ಲಿ ತಪ್ಪಾಗಿ ಪರದೆಯ ಒಂದು ಭಾಗ ಬೂದು ಬಣ್ಣಕ್ಕೆ ತಿರುಗಿರಬಹುದು. ಮೆಮೊರಿ ಸಾಲದೆ ಆಂಡ್ರಾಯ್ಡೇ ಆ್ಯಪನ್ನು ಕೊಂದಿರಬಹುದು. ಇಲ್ಲವೇ ಯಂತ್ರದಿಂದ ಉತ್ತರ ಬಾರದೆ ಸುತ್ತುವ ಚಕ್ರ ಸುತ್ತುತ್ತಲೇ ಇರಬಹುದು. ಇದರಲ್ಲಿ ಮೊದಲನೆಯದು ನೀವೇನೂ ಮಾಡದಿದ್ದರೂ ವರದಿಯಾಗುತ್ತದೆ. ಉಳಿದವುಗಳಲ್ಲಿ ಹೆಚ್ಚಿನವಕ್ಕೆ ನೀವೇ ದಾರಿ ಮಾಡಿಕೊಡಬೇಕು.

ಮೊದಲು ಡಾರ್ಟ್ ತಪ್ಪುಗಳು. ಡಾರ್ಟ್‌ನಲ್ಲಿ ಹಿಡಿಯದೇ ಬಿಟ್ಟ ಎಕ್ಸೆಪ್ಷನ್ (ಓಡುವಾಗ ಆಗುವ ತಪ್ಪು) ಆ್ಯಪನ್ನು ಮುಚ್ಚುವುದಿಲ್ಲ, ಹಾಗಾಗಿ ಆಂಡ್ರಾಯ್ಡ್ ಮಟ್ಟದ ಕ್ರ್ಯಾಶ್ ಸಾಧನಕ್ಕೆ ಅದು ಕಾಣುವುದೇ ಇಲ್ಲ. ಅದನ್ನು ಹಿಡಿಯಲು ಎರಡು ಬಾಗಿಲುಗಳಲ್ಲಿ ಕಾವಲು ಬೇಕು. ವಿಜೆಟ್ (ಪರದೆಯ ಒಂದು ಭಾಗ) ಕಟ್ಟುವಾಗ, ಲೇಔಟ್ ಮಾಡುವಾಗ ಆಗುವ ತಪ್ಪುಗಳಿಗೆ ‘ಫ್ಲಟರ್‌ಎರರ್.ಆನ್‌ಎರರ್’. ಫ್ಯೂಚರ್, ಟೈಮರ್, ಸ್ಟ್ರೀಮ್‌ಗಳಲ್ಲಿ ಆಗುವ ಅಸಿಂಕ್ (ಆಮೇಲೆ ಉತ್ತರ ಬರುವ ಕೆಲಸಗಳ) ತಪ್ಪುಗಳಿಗೆ ‘ಪ್ಲಾಟ್‌ಫಾರ್ಮ್‌ಡಿಸ್ಪ್ಯಾಚರ್.ಇನ್‌ಸ್ಟೆನ್ಸ್.ಆನ್‌ಎರರ್’, ಇದು ಫ್ಲಟರ್ 3.3ರಿಂದ ಇದೆ. ಬ್ಲೂಟೂತ್ ಓದು ಸ್ಟ್ರೀಮ್‌ನಲ್ಲಿ ಬರುವುದರಿಂದ ನಿಮಗೆ ಎರಡನೆಯದು ಬಹಳ ಮುಖ್ಯ. ಹಳೆಯ ಕೋಡ್‌ನಲ್ಲಿ ‘ರನ್‌ಝೋನ್ಡ್‌ಗಾರ್ಡೆಡ್’ (ತಪ್ಪು ಹಿಡಿಯುವ ಬೇಲಿ, ಅಂದರೆ ಝೋನ್) ಬಳಸಿದ್ದರೆ, ಬೈಂಡಿಂಗ್ (ಫ್ಲಟರನ್ನು ಫೋನಿಗೆ ಜೋಡಿಸುವ ಕೊಂಡಿ) ಶುರುಮಾಡುವ ಸಾಲೂ ‘ರನ್‌ಆ್ಯಪ್’ ಸಾಲೂ ಅದೇ ಝೋನ್‌ನ ಒಳಗೇ ಇರಬೇಕು. ಒಂದು ಒಳಗೆ ಒಂದು ಹೊರಗೆ ಇದ್ದರೆ ‘ಝೋನ್ ಮಿಸ್‌ಮ್ಯಾಚ್’ ಎಚ್ಚರಿಕೆ ಬರುತ್ತದೆ, ಕೆಲವು ತಪ್ಪುಗಳು ಸದ್ದಿಲ್ಲದೆ ಜಾರಿಹೋಗುತ್ತವೆ.

ಮೇನ್ ಫಂಕ್ಷನ್‌ನಲ್ಲಿ ಕ್ರಮ ಹೀಗಿರಲಿ: ಬೈಂಡಿಂಗ್, ಫೈರ್‌ಬೇಸ್ ಶುರು, ಮೇಲಿನ ಎರಡು ಕಾವಲು, ಕೊನೆಗೆ ‘ರನ್‌ಆ್ಯಪ್’. ‘ಐಸೊಲೇಟ್.ಸ್ಪಾನ್’ ಮಾಡಿ ಬೇರೆ ಐಸೊಲೇಟ್‌ನಲ್ಲಿ (ಪಕ್ಕದಲ್ಲಿ ಪ್ರತ್ಯೇಕವಾಗಿ ಓಡುವ ಕೋಡ್) ಲೆಕ್ಕ ಮಾಡುತ್ತಿದ್ದರೆ ಅಲ್ಲಿನ ತಪ್ಪು ಈ ಎರಡು ಬಾಗಿಲಿಗೂ ಬರುವುದಿಲ್ಲ, ಅದಕ್ಕೆ ಪ್ರತ್ಯೇಕ ಎರರ್ ಲಿಸನರ್ ಹಾಕಬೇಕು.

ಬೂದು ಪರದೆಯ ವಿಷಯ ವಿಶೇಷವಾಗಿ ಹೇಳಬೇಕು. ವಿಜೆಟ್ ಕಟ್ಟುವಾಗ ತಪ್ಪಾದರೆ ಡೀಬಗ್ ಬಿಲ್ಡ್‌ನಲ್ಲಿ (ಪರೀಕ್ಷೆಗೆ ಮಾಡುವ ಪ್ರತಿ) ಕೆಂಪು ಪರದೆಯ ಮೇಲೆ ಹಳದಿ ಅಕ್ಷರ ಬರುತ್ತದೆ, ಎಲ್ಲರಿಗೂ ಗೊತ್ತು. ರಿಲೀಸ್ ಬಿಲ್ಡ್‌ನಲ್ಲಿ (ಬಳಕೆದಾರರಿಗೆ ಹೋಗುವ ಪ್ರತಿ) ಅದೇ ಜಾಗದಲ್ಲಿ ಅಕ್ಷರವೇ ಇಲ್ಲದ ಬೂದು ಚೌಕ ಬರುತ್ತದೆ. ಆಫೀಸಿನಲ್ಲಿ ಡೀಬಗ್ ಬಿಲ್ಡ್ ಮಾತ್ರ ನೋಡುವವರಿಗೆ ಕಾರ್ಯದರ್ಶಿ ಹೇಳುವ ‘ಬರೀ ಬೂದಿ ಬಣ್ಣ ಸಾರ್’ ಅರ್ಥವೇ ಆಗುವುದಿಲ್ಲ. ‘ಎರರ್‌ವಿಜೆಟ್.ಬಿಲ್ಡರ್’ ಬದಲಿಸಿ, ‘ಈ ಭಾಗ ತೆರೆಯಲಿಲ್ಲ, ಹಿಂದೆ ಹೋಗಿ ಮತ್ತೆ ಬನ್ನಿ’ ಎಂದು ಕನ್ನಡದಲ್ಲೇ ತೋರಿಸಿ. ಜೊತೆಗೆ ನಾಲ್ಕಂಕಿಯ ಒಂದು ಗುರುತು ಕೊಟ್ಟು, ಅದನ್ನೇ ವರದಿಯಲ್ಲೂ ಕಳಿಸಿದರೆ ಫೋನ್‌ನಲ್ಲಿ ಹೇಳಿದ ದೂರನ್ನೂ ಡ್ಯಾಶ್‌ಬೋರ್ಡ್‌ನ ಸಾಲನ್ನೂ ಜೋಡಿಸಬಹುದು.

ಇನ್ನು ಅಲ್ಲಾಡದೆ ನಿಲ್ಲುವುದು. ಮುಟ್ಟಿದ್ದಕ್ಕೆ 5 ಸೆಕೆಂಡ್ ಒಳಗೆ ಮುಖ್ಯ ಥ್ರೆಡ್ (ಪರದೆ ನಡೆಸುವ ಕೆಲಸದ ಸಾಲು) ಉತ್ತರಿಸದಿದ್ದರೆ ಆಂಡ್ರಾಯ್ಡ್ ಅದನ್ನು ಎಎನ್‌ಆರ್ (ಆ್ಯಪ್ ಪ್ರತಿಕ್ರಿಯಿಸುತ್ತಿಲ್ಲ) ಎಂದು ಬರೆದುಕೊಳ್ಳುತ್ತದೆ. ಬ್ಲೂಟೂತ್ ಪ್ಲಗಿನ್‌ನ ಕೋಟ್ಲಿನ್ (ಆಂಡ್ರಾಯ್ಡ್ ಬದಿಯ ಭಾಷೆ) ಕೋಡ್ ‘ಯಂತ್ರದಿಂದ ಬೈಟ್ ಬರುವವರೆಗೆ ಕಾಯಿ’ ಎಂದು ಡಾರ್ಟ್‌ನ ಕರೆಗೆ ಉತ್ತರಿಸುವ ಮೆಥಡ್ ಚಾನೆಲ್ ಹ್ಯಾಂಡ್ಲರ್‌ನಲ್ಲೇ ಕೂತಿದ್ದರೆ ಅದು ಮುಖ್ಯ ಥ್ರೆಡ್ಡನ್ನೇ ಹಿಡಿದಿರುತ್ತದೆ; ತೂಕದ ಯಂತ್ರ ಆಫ್ ಆದ ದಿನ ಎಎನ್‌ಆರ್ ಗ್ಯಾರಂಟಿ. ಇನ್ನೊಂದು ಬದಲಾವಣೆ ಗಮನಿಸಿ: ಫ್ಲಟರ್ 3.29ರಿಂದ ಆಂಡ್ರಾಯ್ಡ್, ಐಒಎಸ್ ಎರಡರಲ್ಲೂ ಡಾರ್ಟ್ ಕೋಡ್ ಓಡುವುದೂ ಮುಖ್ಯ ಥ್ರೆಡ್‌ನಲ್ಲೇ. ಮೊದಲಾದರೆ ಡಾರ್ಟ್‌ನ ಭಾರಿ ಲೆಕ್ಕ ಬರೀ ಚಿತ್ರ ತೊದಲಿಸುತ್ತಿತ್ತು, ಈಗ ಅದೂ ಎಎನ್‌ಆರ್‌ಗೆ ಕಾರಣವಾಗಬಲ್ಲದು. ಫ್ಲಟರ್ ಮೇಲ್ದರ್ಜೆಗೆ ಏರಿಸಿದ ಮೇಲೆ ದೂರು ಹೆಚ್ಚಾಗಿದ್ದರೆ ಮೊದಲು ಇಲ್ಲಿ ನೋಡಿ.

ಎಎನ್‌ಆರ್ ಆಗಲಿ, ಮೆಮೊರಿ ಸಾಲದೆ ಸತ್ತದ್ದಾಗಲಿ ಆ್ಯಪ್‌ಗೆ ತಿಳಿಯುವುದು ಮುಂದಿನ ಸಲ ತೆರೆದಾಗ. ಆಂಡ್ರಾಯ್ಡ್ 11ರಿಂದ ‘ಅಪ್ಲಿಕೇಷನ್‌ಎಕ್ಸಿಟ್‌ಇನ್ಫೊ’ ಇದೆ. ಹಿಂದಿನ ಸಲ ಆ್ಯಪ್ ಯಾಕೆ ಮುಗಿಯಿತು ಎಂದು ಅದು ಹೇಳುತ್ತದೆ. ಕ್ರ್ಯಾಶ್ಲಿಟಿಕ್ಸ್ ಎಎನ್‌ಆರ್ ತೋರಿಸುವುದೂ ಇದರ ಮೇಲೆಯೇ. ಸಂಘಗಳಲ್ಲಿರುವುದು ಆಂಡ್ರಾಯ್ಡ್ 10 ಅಥವಾ ಅದಕ್ಕೂ ಹಳೆಯ ಫೋನುಗಳಾದರೆ ಅಲ್ಲಿ ಎಎನ್‌ಆರ್ ಕಾಣದು. ಕನ್ಸೋಲ್‌ನಲ್ಲಿ ‘ಕ್ರ್ಯಾಶ್’ ಮಾತ್ರ ಆರಿಸಿದ್ದರೂ ಎಎನ್‌ಆರ್ ಮತ್ತು ನಾನ್‌ಫೇಟಲ್ (ಆ್ಯಪ್ ಮುಚ್ಚದ ತಪ್ಪುಗಳು) ಮರೆಯಾಗುತ್ತವೆ, ಆ ಫಿಲ್ಟರ್ ತೆಗೆದು ನೋಡಿ.

ಕೊನೆಯದು ಸುತ್ತುವ ಚಕ್ರ. ನಮ್ಮ ಅಂದಾಜಿನಲ್ಲಿ ನಿಮ್ಮ ದೂರುಗಳ ದೊಡ್ಡ ಪಾಲು ಇಲ್ಲೇ ಇದೆ. ಕೋಡ್‌ನಲ್ಲಿ ‘ಕ್ಯಾಚ್’ ಒಳಗೆ ಬರೀ ‘ಪ್ರಿಂಟ್’ ಇರುವ ಜಾಗಗಳನ್ನೆಲ್ಲ ಹುಡುಕಿ. ಅಲ್ಲಿ ತಪ್ಪು ಆಗಿದೆ, ಹಿಡಿಯಲಾಗಿದೆ, ಯಾರಿಗೂ ಹೇಳಿಲ್ಲ. ಅವುಗಳಲ್ಲಿ ಬಳಕೆದಾರರ ಕೆಲಸ ನಿಲ್ಲಿಸುವಂಥವನ್ನು ನಾನ್‌ಫೇಟಲ್ ಎಂದು ಕಳಿಸಿ. ಹಾಗೆಂದು ಪ್ರತಿ ಬ್ಲೂಟೂತ್ ಮರುಯತ್ನವನ್ನೂ ಕಳಿಸಬೇಡಿ. ಕ್ರ್ಯಾಶ್ಲಿಟಿಕ್ಸ್ ಒಂದು ಸೆಷನ್‌ನಲ್ಲಿ (ಆ್ಯಪ್ ತೆರೆದು ಮುಚ್ಚುವವರೆಗೆ) ಇತ್ತೀಚಿನ 8 ನಾನ್‌ಫೇಟಲ್‌ಗಳನ್ನು ಮಾತ್ರ ಇಟ್ಟುಕೊಳ್ಳುತ್ತದೆ, ಗಲಾಟೆಯ ಎಂಟು ಬಂದರೆ ಬೇಕಾದ ಒಂದು ಹೊರಗೆ ಬೀಳುತ್ತದೆ. ಮೂರು ಯತ್ನ ಸೋತ ಮೇಲೆ ಒಂದು ವರದಿ ಸಾಕು. ಜೊತೆಗೆ ತೂಕದ ಯಂತ್ರದ ಮಾಡೆಲ್, ಕೊನೆಯ ಓದು ಬಂದು ಎಷ್ಟು ಸೆಕೆಂಡ್ ಆಯಿತು, ಬ್ಲೂಟೂತ್ ಸ್ಥಿತಿ, ಸಂಘದ ಕೋಡ್ ಇವನ್ನು ಕಸ್ಟಮ್ ಕೀಗಳಾಗಿ (ವರದಿಗೆ ಅಂಟಿಸುವ ಹೆಚ್ಚುವರಿ ವಿವರ) ಹಾಕಿ. 64 ಕೀಗಳವರೆಗೆ ಅವಕಾಶವಿದೆ, ಆರೇಳು ಸಾಕಾಗುತ್ತದೆ.

ಎಲ್ಲ ಜೋಡಿಸಿದ ಮೇಲೆ ಪರೀಕ್ಷಿಸದೆ ಬಿಡಬೇಡಿ. ಸ್ಟೇಜಿಂಗ್ (ಬಿಡುವ ಮೊದಲಿನ ಪರೀಕ್ಷೆಯ) ಬಿಲ್ಡ್‌ನಲ್ಲಿ ಮೂರು ಗುಂಡಿ ಇಟ್ಟುಕೊಳ್ಳಿ: ವಿಜೆಟ್ ಕಟ್ಟುವಾಗ ತಪ್ಪು, ಅಸಿಂಕ್ ತಪ್ಪು, ಕೋಟ್ಲಿನ್ ಬದಿಯ ತಪ್ಪು. ರಿಲೀಸ್ ಮೋಡ್‌ನಲ್ಲಿ, ಕೇಬಲ್ ತೆಗೆದು, ನಿಜವಾದ ಫೋನಿನಲ್ಲಿ ಒಂದೊಂದನ್ನೂ ಒತ್ತಿ, ಆ್ಯಪ್ ಮುಚ್ಚಿ ಮತ್ತೆ ತೆರೆಯಿರಿ. ಕ್ರ್ಯಾಶ್ ವರದಿ ಹೋಗುವುದು ಮರಳಿ ತೆರೆದಾಗಲೇ. ತೆರೆಯದೆ ಕನ್ಸೋಲ್ ನೋಡುತ್ತ ಕೂತರೆ ಏನೂ ಬರುವುದಿಲ್ಲ.

ಪ್ರಶ್ನೆ: ರಿಯಾಕ್ಟ್ ನೇಟಿವ್ (ಫ್ಲಟರ್‌ನಂತೆಯೇ, ಆದರೆ ಜಾವಾಸ್ಕ್ರಿಪ್ಟ್‌ನಲ್ಲಿ ಬರೆಯುವ ಸಾಧನ) ಆ್ಯಪ್‌ಗೆ ತಪ್ಪು ವರದಿ ಮಾಡುವ ಸೆಂಟ್ರಿ ಹಾಕಿದೆವು. ತಪ್ಪುಗಳು ಬರುತ್ತಿವೆ, ಆದರೆ ‘ಇಂಡೆಕ್ಸ್.ಆಂಡ್ರಾಯ್ಡ್.ಬಂಡಲ್, ಸಾಲು 1, ಕಾಲಂ 482913’ ಎಂದಷ್ಟೇ ಇದೆ. ಇದರಿಂದ ಏನು ಮಾಡುವುದು?
– ಓದುಗರು, ಹೂಟಗಳ್ಳಿ, ಮೈಸೂರು

ಉತ್ತರ: ಬಿಲ್ಡ್ ಮಾಡುವಾಗ ನಿಮ್ಮ ಜಾವಾಸ್ಕ್ರಿಪ್ಟ್ ಎಲ್ಲ ಒಂದೇ ಬಂಡಲ್ ಆಗಿ, ಜಾವಾಸ್ಕ್ರಿಪ್ಟ್ ಓಡಿಸುವ ಹರ್ಮಿಸ್ ಎಂಜಿನ್ ಅದನ್ನು ಬೈಟ್‌ಕೋಡ್ ಮಾಡುತ್ತದೆ (ರಿಯಾಕ್ಟ್ ನೇಟಿವ್ 0.70ರಿಂದ ಹರ್ಮಿಸ್ಸೇ ಡೀಫಾಲ್ಟ್). ಆ ಅಂಕಿಗಳನ್ನು ಮೂಲ ಫೈಲ್ ಮತ್ತು ಸಾಲಿಗೆ ತಿರುಗಿಸಲು ಸೋರ್ಸ್ ಮ್ಯಾಪ್ ಬೇಕು, ಅದೂ ಅದೇ ಬಿಲ್ಡ್‌ನದು. ಇವತ್ತು ಅದೇ ಕೋಡನ್ನು ಮತ್ತೆ ಬಿಲ್ಡ್ ಮಾಡಿ ಬಂದ ಮ್ಯಾಪ್ ಹೋದ ವಾರದ ಎಪಿಕೆಗೆ ಹೊಂದುತ್ತದೆ ಎಂಬ ಭರವಸೆ ಇಲ್ಲ. ಹರ್ಮಿಸ್‌ನಲ್ಲಿ ಎರಡು ಮ್ಯಾಪ್ ಹುಟ್ಟುತ್ತವೆ, ಬಂಡಲ್ ಕಟ್ಟುವ ಮೆಟ್ರೊದ್ದು ಒಂದು, ಹರ್ಮಿಸ್‌ನದು ಒಂದು. ಎರಡನ್ನೂ ಸೇರಿಸಿದ ಮ್ಯಾಪನ್ನೇ ಏರಿಸಬೇಕು. ಸೆಂಟ್ರಿಯ ಗ್ರೇಡಲ್ ಮತ್ತು ಎಕ್ಸ್‌ಕೋಡ್ ಸ್ಕ್ರಿಪ್ಟ್ ಇದನ್ನು ತಾವೇ ಮಾಡುತ್ತವೆ, ಆದರೆ ಬಿಲ್ಡ್ ಯಂತ್ರದಲ್ಲಿ ಆಥ್ ಟೋಕನ್ (ಸೆಂಟ್ರಿಗೆ ಪ್ರವೇಶದ ಗುರುತು) ಇಲ್ಲದಿದ್ದರೆ ಏರಿಸುವ ಹಂತ ಸೋಲುತ್ತದೆ. ‘ಬಿಲ್ಡ್ ನಿಲ್ಲದಿರಲಿ’ ಎಂದು ಯಾರೋ ಆ ಸೋಲನ್ನು ಕಡೆಗಣಿಸುವ ಫ್ಲ್ಯಾಗ್ ಹಾಕಿರುತ್ತಾರೆ. ಅದನ್ನು ತೆಗೆಯಿರಿ. ಮ್ಯಾಪ್ ಏರದಿದ್ದರೆ ಬಿಲ್ಡ್ ಬೀಳಲಿ.

ಸ್ಟೋರ್‌ಗೆ ಹೋಗದೆ ಜಾವಾಸ್ಕ್ರಿಪ್ಟ್ ಮಾತ್ರ ಬದಲಿಸುವ ಗಾಳಿಯ ಅಪ್‌ಡೇಟ್ ಬಳಸುತ್ತಿದ್ದೀರಾ? ಹಾಗಾದರೆ ಆವೃತ್ತಿ ಸಂಖ್ಯೆ ಅದೇ ಇದ್ದರೂ ಬಂಡಲ್ ಬೇರೆ. ಪ್ರತಿ ಅಪ್‌ಡೇಟ್‌ಗೂ ಬೇರೆ ಮ್ಯಾಪ್ ಏರಿಸಬೇಕು, ವರದಿಯಲ್ಲಿ ಬಂಡಲ್‌ನ ಗುರುತೂ ಹೋಗಬೇಕು. ಇಲ್ಲದಿದ್ದರೆ ಬರುವ ಸಾಲು ಸರಿಯಾಗಿಯೇ ಕಾಣುತ್ತದೆ, ಆದರೆ ತಪ್ಪು ಫೈಲನ್ನು ತೋರಿಸುತ್ತದೆ. ಓದಲಾಗದ ವರದಿಗಿಂತ ಅದು ಅಪಾಯಕಾರಿ.

ಫ್ಲಟರ್‌ನವರಿಗೂ ಇದೇ ಮಾತು. ಕೋಡಿನ ಹೆಸರು ಮರೆಮಾಚುವ ‘ಆಬ್‌ಫಸ್ಕೇಟ್’ ಮತ್ತು ‘ಸ್ಪ್ಲಿಟ್ ಡೀಬಗ್ ಇನ್ಫೊ’ ಹಾಕಿ ಬಿಲ್ಡ್ ಮಾಡಿದರೆ ಪ್ರತಿ ಪ್ರೊಸೆಸರ್ ಬಗೆಗೆ ಒಂದು ಸಿಂಬಲ್ ಫೈಲ್ (ಆ ಹೆಸರುಗಳನ್ನು ಮರಳಿ ತೋರಿಸುವುದು) ಬರುತ್ತದೆ. ಆರ್ಮ್ 64ರ ಕ್ರ್ಯಾಶ್‌ಗೆ ಆರ್ಮ್ 32ರ ಫೈಲ್ ಕೊಟ್ಟರೆ ಕಸ ಸಿಗುತ್ತದೆ. ಇವುಗಳ ಜೊತೆಗೆ ಆಂಡ್ರಾಯ್ಡ್‌ನ ಆರ್8 ಮ್ಯಾಪಿಂಗ್ ಫೈಲ್, ಐಒಎಸ್‌ನ ಡಿಸಿಮ್ (ಎರಡೂ ಇದೇ ಕೆಲಸದವು) ಇಷ್ಟನ್ನೂ ಬಿಲ್ಡ್ ಸಂಖ್ಯೆಯ ಹೆಸರಿನ ಫೋಲ್ಡರ್‌ನಲ್ಲಿ, ಆ ಆವೃತ್ತಿ ಕೊನೆಯ ಬಳಕೆದಾರರ ಫೋನಿನಿಂದ ಹೋಗುವವರೆಗೆ ಇಟ್ಟುಕೊಳ್ಳಿ.

ಪ್ರಶ್ನೆ: ಫೈರ್‌ಬೇಸ್ ಪರ್ಫಾರ್ಮೆನ್ಸ್ ಹಾಕಿದರೆ ಯಾವ ಪರದೆ ನಿಧಾನ ಎಂದು ತಾನೇ ತೋರಿಸುತ್ತದೆ ಎಂದುಕೊಂಡಿದ್ದೆವು. ನಮ್ಮ ಫ್ಲಟರ್ ಆ್ಯಪ್‌ನಲ್ಲಿ ಒಂದೇ ಪರದೆ ಇದ್ದಂತೆ ತೋರಿಸುತ್ತಿದೆ.
– ಓದುಗರು, ವಿಜಯನಗರ, ಮೈಸೂರು

ಉತ್ತರ: ಆಂಡ್ರಾಯ್ಡ್ ದೃಷ್ಟಿಯಲ್ಲಿ ನಿಮ್ಮ ಇಡೀ ಆ್ಯಪ್ ಒಂದೇ ಆ್ಯಕ್ಟಿವಿಟಿ, ಐಫೋನ್ ದೃಷ್ಟಿಯಲ್ಲಿ ಒಂದೇ ವ್ಯೂ ಕಂಟ್ರೋಲರ್. ಒಳಗೆ ಫ್ಲಟರ್ ಪರದೆ ಬದಲಿಸುವುದು ಹೊರಗಿನ ಸಾಧನಕ್ಕೆ ತಿಳಿಯುವುದಿಲ್ಲ. ಆದ್ದರಿಂದ ‘ನ್ಯಾವಿಗೇಟರ್‌ಅಬ್ಸರ್ವರ್’ ಬರೆದು, ಪುಶ್ (ತೆರೆಯುವುದು), ಪಾಪ್ (ಹಿಂದಕ್ಕೆ ಹೋಗುವುದು), ರಿಪ್ಲೇಸ್ (ಬದಲಿಸುವುದು) ಮೂರರಲ್ಲೂ ಪರದೆಯ ಹೆಸರು ದಾಖಲಿಸಿ. ‘ರೂಟ್‌ಸೆಟಿಂಗ್ಸ್’ನಲ್ಲಿ ಹೆಸರು ಕೊಡದೆ ತೆರೆದ ಪರದೆಗಳೆಲ್ಲ ‘ನಲ್’ ಎಂದು ಬರುತ್ತವೆ, ಒಂದೊಂದಕ್ಕೂ ಹೆಸರಿಡಿ. ಪರದೆ ಬದಲಿಸುವ ಗೋ-ರೌಟರ್ ಪ್ಯಾಕೇಜ್‌ನಲ್ಲಿ ಶೆಲ್ ರೂಟ್ (ಹೊರಚೌಕಟ್ಟು ಉಳಿದು ಒಳಗಿನದು ಬದಲಾಗುವ ಪರದೆ) ಇದ್ದರೆ ಅದರೊಳಗಿನ ನ್ಯಾವಿಗೇಟರ್‌ಗೆ ಬೇರೆ ಅಬ್ಸರ್ವರ್ ಬೇಕು. ಕೆಳಗಿನ ಟ್ಯಾಬ್‌ಗಳನ್ನು ‘ಇಂಡೆಕ್ಸ್ಡ್‌ಸ್ಟ್ಯಾಕ್’ನಲ್ಲಿ ಇಟ್ಟಿದ್ದರೆ ಟ್ಯಾಬ್ ಬದಲಾವಣೆ ನ್ಯಾವಿಗೇಷನ್ನೇ ಅಲ್ಲ, ಒತ್ತಿದ ಜಾಗದಲ್ಲೇ ಕೈಯಾರೆ ದಾಖಲಿಸಿ.

ಅಳೆಯುವುದು ಪುಶ್ ಆದ ಕ್ಷಣದಿಂದ ಮಾಹಿತಿ ಪರದೆಯ ಮೇಲೆ ಬಂದ ಮೊದಲ ಫ್ರೇಮ್‌ವರೆಗೆ. ಖಾಲಿ ಪರದೆ 200 ಮಿಲಿಸೆಕೆಂಡ್‌ನಲ್ಲಿ ತೆರೆದು ಪಟ್ಟಿ ಆರು ಸೆಕೆಂಡ್ ಬಿಟ್ಟು ಬಂದರೆ ಬಳಕೆದಾರರು ಕಾದದ್ದು ಆರು ಸೆಕೆಂಡ್. ತೊದಲುವಿಕೆ ತಿಳಿಯಲು ‘ಆ್ಯಡ್‌ಟೈಮಿಂಗ್ಸ್‌ಕಾಲ್‌ಬ್ಯಾಕ್’ ಇದೆ. ರಿಲೀಸ್‌ನಲ್ಲಿ ಸುಮಾರು ಸೆಕೆಂಡಿಗೊಮ್ಮೆ ಫ್ರೇಮ್‌ಗಳ ಕಂತೆ ಕೊಡುತ್ತದೆ. ಬಿಲ್ಡ್ (ಫ್ರೇಮ್ ಕಟ್ಟುವ) ಸಮಯ ಹೆಚ್ಚಿದ್ದರೆ ದೋಷ ನಿಮ್ಮ ಡಾರ್ಟ್ ಕೋಡ್‌ನಲ್ಲಿ, ರಾಸ್ಟರ್ (ಪರದೆಗೆ ಚಿತ್ರ ಬಿಡಿಸುವ) ಸಮಯ ಹೆಚ್ಚಿದ್ದರೆ ಭಾರದ ಚಿತ್ರ, ನೆರಳು, ಮಸುಕು ಇಂಥವುಗಳಲ್ಲಿ. 60 ಹರ್ಟ್ಸ್ ಪರದೆಗೆ ಒಂದು ಫ್ರೇಮ್‌ಗೆ ಸಿಗುವುದು 16.67 ಮಿಲಿಸೆಕೆಂಡ್, 120 ಹರ್ಟ್ಸ್‌ಗೆ ಅದರ ಅರ್ಧ. ಹಾಗಾಗಿ ಫೋನಿನ ರಿಫ್ರೆಶ್ ದರವನ್ನೂ ಕಳಿಸಿ.

ಪ್ರಶ್ನೆ: ಕಬ್ಬು ಬೆಳೆಗಾರರು ಕಟಾವಿನ ಸರದಿ, ತೂಕದ ಚೀಟಿ, ಬಿಲ್ ನೋಡುವ ಆ್ಯಪ್ ನಮ್ಮದು. ಗದ್ದೆಯಲ್ಲಿ ನಿಂತು ತೆಗೆದರೆ ತಡವಾಗುತ್ತದೆ ಎನ್ನುತ್ತಾರೆ. ಸರ್ವರ್‌ನವರನ್ನು ಕೇಳಿದರೆ ‘ನಮ್ಮ ಕಡೆ 200 ಮಿಲಿಸೆಕೆಂಡ್’ ಎನ್ನುತ್ತಾರೆ. ಯಾರ ಮಾತು ನಿಜ?
– ಓದುಗರು, ಪಾಂಡವಪುರ

ಉತ್ತರ: ಬಹುಮಟ್ಟಿಗೆ ಇಬ್ಬರದೂ ನಿಜ. ನಡುವಿನ ಸಮಯವನ್ನು ಯಾರೂ ಅಳೆಯುತ್ತಿಲ್ಲ. ಫೋನಿನಲ್ಲಿ ಶುರುವಾದ ಒಂದು ಕರೆಯನ್ನೇ ಸರ್ವರ್ ಲಾಗ್‌ನಲ್ಲೂ ಹಿಡಿಯಲು ‘ಟ್ರೇಸ್‌ಪೇರೆಂಟ್’ ಎಂಬ ಹೆಡರ್ (ಕರೆಯ ಜೊತೆ ಹೋಗುವ ಟಿಪ್ಪಣಿ) ಇದೆ, ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿ ನಿಗದಿಪಡಿಸಿದ್ದು. ಅದರಲ್ಲಿ ನಾಲ್ಕು ಭಾಗ, ನಡುವೆ ಅಡ್ಡಗೆರೆ: ಆವೃತ್ತಿ 00, ಆಮೇಲೆ 32 ಅಕ್ಷರದ ಟ್ರೇಸ್ ಗುರುತು, 16 ಅಕ್ಷರದ ಸ್ಪ್ಯಾನ್ ಗುರುತು, ಕೊನೆಗೆ ಎರಡು ಅಕ್ಷರದ ಫ್ಲ್ಯಾಗ್, ಒಟ್ಟು 55 ಅಕ್ಷರ. ಡಯೊ (ಡಾರ್ಟ್‌ನ ನೆಟ್‌ವರ್ಕ್ ಲೈಬ್ರರಿ) ಬಳಸಿದ್ದರೆ ಇಂಟರ್ಸೆಪ್ಟರ್‌ನಲ್ಲಿ (ಪ್ರತಿ ಕರೆಯನ್ನೂ ನಡುವೆ ಹಿಡಿಯುವ ಜಾಗ), ರಿಯಾಕ್ಟ್ ನೇಟಿವ್‌ನಲ್ಲಿ ಫೆಚ್‌ಗೆ ಹೊದಿಕೆ ಹಾಕಿ ಸೇರಿಸಿ. ಸರ್ವರ್‌ನವರು ಅದನ್ನು ತಮ್ಮ ಲಾಗ್‌ನ ಪ್ರತಿ ಸಾಲಿನಲ್ಲೂ ಬರೆಯಬೇಕು, ಸರ್ವರ್‌ನ ಮುಂದೆ ಕರೆ ಸ್ವೀಕರಿಸುವ ಎನ್‌ಜಿನ್‌ಎಕ್ಸ್ ಕೂಡ. ಹಾಗಾದರೆ ಫೋನಿನಲ್ಲಿ 9 ಸೆಕೆಂಡ್, ಸರ್ವರ್‌ನಲ್ಲಿ 0.2 ಸೆಕೆಂಡ್ ಎಂದು ಒಂದೇ ಕರೆಯ ಎರಡು ಲೆಕ್ಕ ಪಕ್ಕಪಕ್ಕ ಸಿಗುತ್ತದೆ. ಹೆಡರ್ ನಿಮ್ಮ ಸ್ವಂತ ಡೊಮೇನ್‌ಗಳಿಗೆ ಮಾತ್ರ ಹೋಗಲಿ. ಪೇಮೆಂಟ್ ಗೇಟ್‌ವೇ, ನಕ್ಷೆ ಸೇವೆಗಳಿಗೆ ಕಳಿಸುವ ಅಗತ್ಯವಿಲ್ಲ.

ಡಾರ್ಟ್‌ನ ಎಚ್‌ಟಿಟಿಪಿ ಆಂಡ್ರಾಯ್ಡ್‌ನ ಓಕೆ‌ಎಚ್‌ಟಿಟಿಪಿ ಲೈಬ್ರರಿಯ ಮೂಲಕ ಹೋಗುವುದಿಲ್ಲ, ತನ್ನದೇ ಸಾಕೆಟ್ ತೆರೆಯುತ್ತದೆ. ‘ನೆಟ್‌ವರ್ಕ್ ತಾನಾಗಿ ದಾಖಲಾಗುತ್ತದೆ’ ಎಂದು ಹೇಳುವ ಆಂಡ್ರಾಯ್ಡ್ ಸಾಧನಗಳು ಫ್ಲಟರ್‌ನಲ್ಲಿ ಖಾಲಿ ತೋರಿಸುವುದು ಇದಕ್ಕೇ.

ದಾಖಲಿಸುವಾಗ ವಿಳಾಸದ ಅಂಕಿ ತೆಗೆದುಬಿಡಿ. ‘ರೈತ/48213/ಬಿಲ್’ ಎಂಬುದು ‘ರೈತ/ಐಡಿ/ಬಿಲ್’ ಆಗಬೇಕು. ಇಲ್ಲದಿದ್ದರೆ ಪ್ರತಿ ರೈತರಿಗೂ ಒಂದು ಬೇರೆ ಸಾಲು ಹುಟ್ಟಿ, ಯಾವ ಸಾಲಿನಲ್ಲೂ ಅರ್ಥವಾಗುವಷ್ಟು ಲೆಕ್ಕ ಉಳಿಯುವುದಿಲ್ಲ, ರೈತರ ಗುರುತೂ ಹೊರಗೆ ಹೋಗುತ್ತದೆ. ವೈಫೈ, ಮೊಬೈಲ್ ಡೇಟಾ ಎಂದು ಹೇಳುವ ಪ್ಲಗಿನ್ ಸಂಪರ್ಕದ ಬಗೆಯನ್ನಷ್ಟೇ ಹೇಳುತ್ತದೆ. ಇಂಟರ್ನೆಟ್ ನಿಜವಾಗಿ ಬರುತ್ತಿದೆ ಎಂದಲ್ಲ. ನಾಲ್ಕು ಗೆರೆ ಸಿಗ್ನಲ್ ಇದ್ದೂ ಒಂದು ಬೈಟ್ ಬಾರದ ಸ್ಥಿತಿ ಗದ್ದೆಯಲ್ಲಿ ಮಾಮೂಲು, ಅದನ್ನು ಟೈಮ್‌ಔಟ್‌ಗಳ ಎಣಿಕೆಯಿಂದಲೇ ತಿಳಿಯಬೇಕು.

ಸಿಗ್ನಲ್ ಇಲ್ಲದಲ್ಲಿ ನಿಮ್ಮ ನಿಗಾ ವರದಿಯೂ ಹೋಗುವುದಿಲ್ಲ. ಅಂದರೆ ಹೆಚ್ಚು ಕಷ್ಟಪಟ್ಟವರ ವರದಿಯೇ ಕಾಣೆಯಾಗುತ್ತದೆ, ಡ್ಯಾಶ್‌ಬೋರ್ಡ್ ಮಾತ್ರ ಹಸಿರಾಗಿ ನಗುತ್ತಿರುತ್ತದೆ. ವರದಿಗಳನ್ನು ಮೊದಲು ಫೋನಿನ ಫೈಲ್‌ಗೆ ಬರೆದು, ಆಮೇಲೆ ಕಂತೆಯಾಗಿ ಕಳಿಸಿ. ಫೈಲ್‌ಗೆ ಮಿತಿ ಇರಲಿ, 2 ಎಂಬಿ ಸಾಕು. ತುಂಬಿದರೆ ಹಳೆಯ ಪರ್ಫಾರ್ಮೆನ್ಸ್ ದಾಖಲೆ ಮೊದಲು ಬೀಳಲಿ, ತಪ್ಪುಗಳ ದಾಖಲೆ ಕೊನೆಗೆ. ಸೋತರೆ ತಕ್ಷಣ ಮತ್ತೆ ಯತ್ನಿಸದೆ 2, 4, 8 ಸೆಕೆಂಡ್ ಎಂದು ಅಂತರ ಹೆಚ್ಚಿಸುತ್ತ, ಅದಕ್ಕೆ ಒಂದಿಷ್ಟು ಯಾದೃಚ್ಛಿಕ ವಿಳಂಬ ಸೇರಿಸಿ. ಇಲ್ಲದಿದ್ದರೆ ಟವರ್ ಮರಳಿ ಬಂದ ಕ್ಷಣ ಊರಿನ ಫೋನುಗಳೆಲ್ಲ ಒಟ್ಟಿಗೆ ನಿಮ್ಮ ಸರ್ವರ್ ಮೇಲೆ ಬೀಳುತ್ತವೆ. ಸೆಂಟ್ರಿಯಂಥ ಸಾಧನಗಳು ಆಫ್‌ಲೈನ್ ಸಂಗ್ರಹ ತಾವೇ ಮಾಡುತ್ತವೆ, ಆದರೆ ಮೊಬೈಲ್‌ನಲ್ಲಿ ಅದರ ಡೀಫಾಲ್ಟ್ ಮಿತಿ 30 ಕಂತೆ. ದಿನಗಟ್ಟಲೆ ನೆಟ್ ಕಾಣದ ಫೋನಿಗೆ ಅದು ಸಾಲದು, ಹೆಚ್ಚಿಸಿಕೊಳ್ಳಿ.

ಗಡಿಯಾರದ ವಿಷಯ. ಅವಧಿ ಅಳೆಯಲು ‘ಡೇಟ್‌ಟೈಮ್.ನೌ’ ಬಳಸಬೇಡಿ, ನಡುವೆ ಫೋನ್ ತನ್ನ ಸಮಯ ಸರಿಪಡಿಸಿಕೊಂಡರೆ ಅವಧಿ ಋಣ ಸಂಖ್ಯೆಯಾಗುತ್ತದೆ. ‘ಸ್ಟಾಪ್‌ವಾಚ್’ ಬಳಸಿ. ಕಂತೆ ಹೊರಡುವಾಗ ಫೋನಿನ ಸಮಯವನ್ನೂ ಕಳಿಸಿದರೆ, ಸರ್ವರ್ ತನ್ನ ಸಮಯದ ಜೊತೆ ಹೋಲಿಸಿ ಎಲ್ಲ ದಾಖಲೆಗಳನ್ನು ಅಷ್ಟು ಸರಿಸಬಹುದು.

ಪ್ರಶ್ನೆ: ಚಿಕ್ಕ ಕಂಪನಿ ನಮ್ಮದು. ದಿನಕ್ಕೆ ಸುಮಾರು 4,000 ಬಳಕೆದಾರರು. ಎಲ್ಲ ದಾಖಲಿಸಿದರೆ ಬಿಲ್ ಎಲ್ಲಿಗೆ ಹೋಗುತ್ತದೋ ಎಂಬ ಭಯ.
– ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಲೆಕ್ಕ ಹಾಕಿಯೇ ನೋಡಿ. ಒಬ್ಬರಿಗೆ ದಿನಕ್ಕೆ 3 ಸೆಷನ್, ಸೆಷನ್‌ಗೆ 40 ದಾಖಲೆ ಎಂದರೆ ದಿನಕ್ಕೆ 4.8 ಲಕ್ಷ, ತಿಂಗಳಿಗೆ 1.44 ಕೋಟಿ. ಕೆಲವು ಸೇವೆಗಳು ಸೆಷನ್‌ಗೆ ದುಡ್ಡು ಹಾಕುತ್ತವೆ, ಕೆಲವು ದಾಖಲೆಗೆ. ನಿಮ್ಮದು ಯಾವುದು ಎಂದು ಮೊದಲು ನೋಡಿಕೊಳ್ಳಿ. ತಪ್ಪು, ಕ್ರ್ಯಾಶ್, ಎಎನ್‌ಆರ್ ನೂರಕ್ಕೆ ನೂರು ಕಳಿಸಿ. ಪರ್ಫಾರ್ಮೆನ್ಸ್ ದಾಖಲೆ ನೂರಕ್ಕೆ ಹತ್ತು ಸಾಕು. ಆದರೆ ಯಾವ ಹತ್ತು ಎಂದು ನಾಣ್ಯ ಚಿಮ್ಮುವುದು ದಾಖಲೆಗೊಮ್ಮೆ ಅಲ್ಲ, ಸೆಷನ್‌ಗೊಮ್ಮೆ. ದಾಖಲೆಗೊಮ್ಮೆ ಮಾಡಿದರೆ ಒಂದು ಸೆಷನ್‌ನ ಮೂರನೇ ಹೆಜ್ಜೆ ಇರುತ್ತದೆ, ನಾಲ್ಕನೆಯದು ಇರುವುದಿಲ್ಲ, ಏನಾಯಿತೆಂದು ಜೋಡಿಸಲಾಗದು. ಈ ಪ್ರಮಾಣವನ್ನು ಆ್ಯಪ್‌ನಲ್ಲಿ ಕೆತ್ತಬೇಡಿ, ಸರ್ವರ್‌ನಿಂದಲೇ ಸೆಟಿಂಗ್ ಬದಲಿಸುವ ರಿಮೋಟ್ ಕಾನ್ಫಿಗ್‌ನಿಂದ ಬರಲಿ. ಏನಾದರೂ ಕೆಟ್ಟ ದಿನ ಏರಿಸಲು, ಬಿಲ್ ಏರಿದ ದಿನ ಇಳಿಸಲು ಹೊಸ ರಿಲೀಸ್ ಬೇಕಾಗುವುದಿಲ್ಲ.

ಪ್ರಶ್ನೆ: ಶಾಲೆಗಳಿಗೆ ಆ್ಯಪ್ ಮಾಡುತ್ತೇವೆ. ಪೋಷಕರೂ ಮಕ್ಕಳೂ ಬಳಸುತ್ತಾರೆ. ಪರದೆಯನ್ನು ವಿಡಿಯೊದಂತೆ ಮರುನೋಡುವ ಸೆಷನ್ ರಿಪ್ಲೇ ಹಾಕಬೇಕೆಂದಿದ್ದೇವೆ. ಬಳಕೆದಾರರನ್ನು ಗುರುತಿಸಲು ಮೊಬೈಲ್ ನಂಬರನ್ನು ಹ್ಯಾಶ್ ಮಾಡಿ (ಗುರುತು ಸಿಗದಂಥ ಅಕ್ಷರಮಾಲೆಯಾಗಿಸಿ) ಕಳಿಸಿದರೆ ಸಾಕಲ್ಲವೇ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಸಾಲದು. ನಮ್ಮ ಮೊಬೈಲ್ ನಂಬರ್ ಹತ್ತಂಕಿಯದು, ಶುರುವಾಗುವುದು 6ರಿಂದ 9ರೊಳಗೆ. ಅಂದರೆ ಸಾಧ್ಯವಿರುವ ನಂಬರ್ ಒಟ್ಟು 400 ಕೋಟಿ. ಅಷ್ಟನ್ನೂ ಹ್ಯಾಶ್ ಮಾಡಿ ಪಟ್ಟಿ ಇಟ್ಟುಕೊಳ್ಳುವುದು ಸಾಮಾನ್ಯ ಕಂಪ್ಯೂಟರ್‌ಗೂ ದೊಡ್ಡ ಕೆಲಸವಲ್ಲ. ಹ್ಯಾಶ್‌ನಿಂದ ನಂಬರ್ ಮರಳಿ ಬರುತ್ತದೆ. ಖಾತೆ ತೆರೆದಾಗ ಒಂದು ಯಾದೃಚ್ಛಿಕ ಗುರುತು ಹುಟ್ಟಿಸಿ, ನಂಬರಿಗೂ ಅದಕ್ಕೂ ಇರುವ ನಂಟು ನಿಮ್ಮ ಡೇಟಾಬೇಸ್‌ನಲ್ಲಷ್ಟೇ ಇರಲಿ. ದೂರು ಬಂದಾಗ ಅಲ್ಲಿಂದ ಹುಡುಕಿಕೊಳ್ಳಬಹುದು.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ದತ್ತಾಂಶಕ್ಕೆ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು, ಅವರ ನಡವಳಿಕೆಯ ಮೇಲೆ ನಿಗಾ ಇಡುವುದಕ್ಕೆ ಕಾಯ್ದೆಯ 9ನೇ ಕಲಂನಲ್ಲಿ ನಿಷೇಧವಿದೆ. 2025ರ ನವೆಂಬರ್‌ನಲ್ಲಿ ಪ್ರಕಟವಾದ ನಿಯಮಗಳು ಶಿಕ್ಷಣ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟಿವೆ ನಿಜ, ಆದರೆ ಅದು ಸಂಸ್ಥೆಯ ಕಲಿಕಾ ಚಟುವಟಿಕೆ ಮತ್ತು ಮಕ್ಕಳ ಸುರಕ್ಷತೆಯ ಮಟ್ಟಿಗೆ. ನಿಮ್ಮ ಆ್ಯಪ್‌ನ ಗುಂಡಿ ಎಲ್ಲಿಡಬೇಕೆಂದು ತಿಳಿಯಲು ಮಕ್ಕಳ ಪರದೆ ದಾಖಲಿಸುವುದು ಅದರೊಳಗೆ ಬರುತ್ತದೆ ಎಂದು ನಾವು ನಂಬುವುದಿಲ್ಲ. ಮಕ್ಕಳ ಖಾತೆಯಲ್ಲಿ ರಿಪ್ಲೇ ಬೇಡವೇ ಬೇಡ. ಕ್ರ್ಯಾಶ್ ಮತ್ತು ಸಮಯದ ಅಳತೆ, ಗುರುತಿಲ್ಲದೆ, ಅಷ್ಟು ಸಾಕು. ಪೋಷಕರ ಖಾತೆಗೆ ಹಾಕುವುದಾದರೆ ಒಪ್ಪಿಗೆ ಕೇಳಿ, ಕನ್ನಡದಲ್ಲೂ ಕೇಳಿ. ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಒಪ್ಪಿಗೆಯ ಕೋರಿಕೆ ಓದುವ ಆಯ್ಕೆ ಕಾಯ್ದೆಯಲ್ಲೇ ಇದೆ. ಒಪ್ಪಿಗೆ ಸಿಗುವವರೆಗೆ ರಿಪ್ಲೇಯ ಎಸ್‌ಡಿಕೆ (ಆ್ಯಪ್‌ಗೆ ಸೇರಿಸಿದ ಆ ಸೇವೆಯ ಕೋಡ್) ಶುರುವಾಗಬಾರದು. ಶುರುಮಾಡಿ ‘ಕಳಿಸಬೇಡ’ ಎಂದರೆ ಸಾಲದು.

ರಿಪ್ಲೇಗಿಂತ ಹೆಚ್ಚಾಗಿ ಮಾಹಿತಿ ಸೋರುವುದು ಯಾರೂ ನೋಡದ ಜಾಗಗಳಲ್ಲಿ. ಡಾರ್ಟ್‌ನಲ್ಲಿ ಜೇಸನ್ (ಸರ್ವರ್ ಕಳಿಸುವ ಪಠ್ಯ ರೂಪದ ಮಾಹಿತಿ) ಓದಲು ಆಗದಿದ್ದರೆ ಬರುವ ‘ಫಾರ್ಮ್ಯಾಟ್‌ಎಕ್ಸೆಪ್ಷನ್’ನ ಸಂದೇಶದಲ್ಲಿ ಓದಲಾಗದ ಪಠ್ಯದ ತುಣುಕೂ ಇರುತ್ತದೆ. ಆ ತುಣುಕಿನಲ್ಲಿ ಮಗುವಿನ ಹೆಸರು, ತರಗತಿ ಇದ್ದರೆ ಅದು ನೇರ ಕ್ರ್ಯಾಶ್ ವರದಿಗೆ ಹೋಗಿ ಕೂರುತ್ತದೆ. ಡಯೊದ ಲಾಗ್ ಇಂಟರ್ಸೆಪ್ಟರ್‌ನಲ್ಲಿ ಬಾಡಿ (ಕರೆಯ ಒಳಗಿನ ಮಾಹಿತಿ) ಮುದ್ರಿಸುವುದು ತೆರೆದಿದ್ದು, ಮುದ್ರಿತವೆಲ್ಲ ಬ್ರೆಡ್‌ಕ್ರಂಬ್ (ವರದಿಗೆ ಸೇರುವ ಹೆಜ್ಜೆಗುರುತು) ಆಗುವಂತಿದ್ದರೆ ಒಟಿಪಿಯೂ ಹೋಗುತ್ತದೆ. ವರದಿ ಹೊರಡುವ ಮುನ್ನ ಓಡುವ ಸೆಂಟ್ರಿಯ ‘ಬಿಫೋರ್‌ಸೆಂಡ್’ನಲ್ಲಿ ಸಂದೇಶಗಳಿಂದ ಹತ್ತಂಕಿಯ ಸಂಖ್ಯೆ, ಇಮೇಲ್, ಪ್ರಶ್ನೆಚಿಹ್ನೆಯ ನಂತರದ ವಿಳಾಸ ಭಾಗ ಇವನ್ನು ಅಳಿಸಿ, ಫಾರ್ಮ್ಯಾಟ್‌ಎಕ್ಸೆಪ್ಷನ್ ಆದರೆ ಸಂದೇಶವನ್ನೇ ಬಿಟ್ಟು ಯಾವ ಎಂಡ್‌ಪಾಯಿಂಟ್ (ಸರ್ವರ್ ವಿಳಾಸ) ಎಂದಷ್ಟೇ ಕಳಿಸಿ. ಆಮೇಲೆ ನಿಜವಾಗಿ ಹೋದ ಹತ್ತು ವರದಿ ತೆರೆದು ಕಣ್ಣಾರೆ ಓದಿ. ಪ್ಲೇ ಸ್ಟೋರ್‌ನ ಡೇಟಾ ಸೇಫ್ಟಿ ಫಾರ್ಮ್ ಮತ್ತು ಆ್ಯಪಲ್‌ನ ಪ್ರೈವೆಸಿ ವಿವರದಲ್ಲಿ ಕ್ರ್ಯಾಶ್, ಪರ್ಫಾರ್ಮೆನ್ಸ್ ದತ್ತಾಂಶ ಸಂಗ್ರಹಿಸುತ್ತೇವೆ ಎಂದು ಗುರುತು ಹಾಕುವುದನ್ನು ಮರೆಯಬೇಡಿ.

ಪ್ರಶ್ನೆ: ಕ್ರ್ಯಾಶ್ಲಿಟಿಕ್ಸ್, ಸೆಂಟ್ರಿ ಎರಡೂ ಹಾಕಬಹುದೇ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಹಾಕಬಹುದು, ಬೇಡ ಎಂಬುದು ನಮ್ಮ ಸಲಹೆ. ನೇಟಿವ್ (ಡಾರ್ಟ್‌ನ ಹೊರಗೆ, ಫೋನಿನ ಮಟ್ಟದ) ಕ್ರ್ಯಾಶ್ ಹಿಡಿಯಲು ಎರಡೂ ಅದೇ ಸಿಗ್ನಲ್ ಹ್ಯಾಂಡ್ಲರ್‌ಗೆ (ಕುಸಿತದ ಸುದ್ದಿ ಬರುವ ಜಾಗ) ಕೈ ಹಾಕುತ್ತವೆ. ಕೊನೆಗೆ ಶುರುವಾದದ್ದು ಮೊದಲಿನದಕ್ಕೆ ದಾಟಿಸದಿದ್ದರೆ ಒಂದರಲ್ಲಿ ವರದಿ ಬರುವುದಿಲ್ಲ. ಡಾರ್ಟ್ ಬದಿಯಲ್ಲೂ ‘ಫ್ಲಟರ್‌ಎರರ್.ಆನ್‌ಎರರ್’ ಒಂದೇ ಜಾಗ, ಎರಡನೆಯವರು ಮೊದಲನೆಯವರನ್ನು ಅಳಿಸಿ ಕೂರುತ್ತಾರೆ. ಇರುವ ಹ್ಯಾಂಡ್ಲರನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಂಡು ನಿಮ್ಮದರ ಕೊನೆಗೆ ಕರೆಯಬೇಕು. ಎರಡು ಎಸ್‌ಡಿಕೆಗೂ ‘ರನ್‌ಆ್ಯಪ್’ಗೆ ಮೊದಲು ‘ಅವೇಟ್’ (ಮುಗಿಯುವವರೆಗೆ ಕಾಯಿ) ಹಾಕಿದರೆ ಆ್ಯಪ್ ತೆರೆಯುವುದೂ ಅಷ್ಟು ತಡ. ನೇಟಿವ್ ಕ್ರ್ಯಾಶ್ ಒಂದಕ್ಕೇ ಕೊಡಿ, ಇನ್ನೊಂದರಲ್ಲಿ ಅದನ್ನು ಆಫ್ ಮಾಡಿ.

ಪ್ರಶ್ನೆ: ಮೈಸೂರಿಗೆ ಬರುವ ಪ್ರವಾಸಿಗರಿಗೆ ಕೋಣೆ, ಗಾಡಿ ಕಾಯ್ದಿರಿಸುವ ಆ್ಯಪ್ ನಮ್ಮದು. ದಸರಾಕ್ಕೆ ಮೊದಲು ಹೊಸ ಆವೃತ್ತಿ ಬಿಡಬೇಕು. ಡ್ಯಾಶ್‌ಬೋರ್ಡ್‌ನಲ್ಲಿ ಯಾವ ಅಂಕಿ ನೋಡುತ್ತಿರಬೇಕು? ಕೆಟ್ಟರೆ ಹಿಂದಕ್ಕೆ ತೆಗೆಯಬಹುದೇ?
– ಓದುಗರು, ಅಗ್ರಹಾರ, ಮೈಸೂರು

ಉತ್ತರ: ಸರಾಸರಿ ನೋಡಬೇಡಿ. ಹತ್ತು ಜನರಲ್ಲಿ ಒಂಬತ್ತು ಮಂದಿಗೆ 1 ಸೆಕೆಂಡ್, ಒಬ್ಬರಿಗೆ 20 ಸೆಕೆಂಡ್ ಆದರೆ ಸರಾಸರಿ 2.9, ಆ ಅನುಭವ ಆದವರು ಒಬ್ಬರೂ ಇಲ್ಲ. 75ನೇ ಮತ್ತು 95ನೇ ಪರ್ಸೆಂಟೈಲ್ (ನೂರರಲ್ಲಿ 75, 95 ಮಂದಿಗೆ ಇದಕ್ಕಿಂತ ಹೆಚ್ಚು ಹಿಡಿಯಲಿಲ್ಲ ಎನ್ನುವ ಅಂಕಿ) ನೋಡಿ, ಆವೃತ್ತಿವಾರು ಬೇರೆ ಮಾಡಿ ನೋಡಿ. ಪ್ಲೇ ಸ್ಟೋರ್ ತನ್ನ ಕೆಟ್ಟ ನಡವಳಿಕೆಯ ಗೆರೆ ಎಳೆದಿದೆ: ಬಳಕೆದಾರರಿಗೆ ಕಾಣುವ ಕ್ರ್ಯಾಶ್ ದಿನದ ಬಳಕೆದಾರರಲ್ಲಿ ಶೇ 1.09, ಎಎನ್‌ಆರ್ ಶೇ 0.47, ಒಂದೇ ಫೋನ್ ಮಾಡೆಲ್‌ನಲ್ಲಾದರೆ ಶೇ 8. ದಾಟಿದರೆ ಸ್ಟೋರ್‌ನಲ್ಲಿ ನಿಮ್ಮ ಆ್ಯಪ್ ಕಾಣುವುದೇ ಕಡಿಮೆಯಾಗಬಹುದು. ಪೂರ್ತಿ ಮುಚ್ಚಿದ್ದ ಆ್ಯಪ್ ತೆರೆಯಲು 5 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಅದನ್ನೂ ಅತಿ ನಿಧಾನ ಎಂದೇ ಲೆಕ್ಕ ಹಾಕುತ್ತದೆ. ಇದರ ಜೊತೆಗೆ ನಿಮ್ಮದೇ ಒಂದು ಅಂಕಿ ಬೇಕೇ ಬೇಕು: ಕಾಯ್ದಿರಿಸಲು ಶುರುಮಾಡಿದವರಲ್ಲಿ ಎಷ್ಟು ಜನ ಮುಗಿಸಿದರು. ಕ್ರ್ಯಾಶ್ ಸೊನ್ನೆ ಇದ್ದೂ ಹಣ ಕಟ್ಟುವ ಗುಂಡಿ ಕೆಲಸ ಮಾಡದಿದ್ದರೆ ತಿಳಿಯುವುದು ಇದರಲ್ಲಿ ಮಾತ್ರ.

ಹಿಂದಕ್ಕೆ ತೆಗೆಯುವುದು ಎರಡು ಸ್ಟೋರ್‌ನಲ್ಲೂ ಇಲ್ಲ ಎಂದೇ ತಿಳಿಯಿರಿ. ಪ್ಲೇ ಸ್ಟೋರ್‌ನಲ್ಲಿ ಹಂತ ಹಂತವಾಗಿ ಬಿಟ್ಟು ನಡುವೆ ನಿಲ್ಲಿಸಬಹುದು, ಆದರೆ ಈಗಾಗಲೇ ಪಡೆದವರ ಫೋನಿನಲ್ಲಿ ಹೊಸದೇ ಉಳಿಯುತ್ತದೆ. ಅವರಿಗೆ ಹಳೆಯ ಕೋಡನ್ನೇ ಹೆಚ್ಚಿನ ವರ್ಷನ್ ಕೋಡ್ ಕೊಟ್ಟು ಮತ್ತೆ ಕಳಿಸಬೇಕು. ಆ್ಯಪ್ ಸ್ಟೋರ್‌ನ ಹಂತಗಳು ನಿಗದಿತ: ಏಳು ದಿನಗಳಲ್ಲಿ ಶೇ 1, 2, 5, 10, 20, 50, 100. ಒಟ್ಟು 30 ದಿನಗಳವರೆಗೆ ತಡೆಹಿಡಿಯಬಹುದು, ಆದರೆ ಇದು ತಾನಾಗಿ ಆಗುವ ಅಪ್‌ಡೇಟ್‌ಗೆ ಮಾತ್ರ. ಸ್ಟೋರ್‌ಗೆ ಹೋಗಿ ಒತ್ತಿದವರಿಗೆ ಮೊದಲ ದಿನವೇ ಸಿಗುತ್ತದೆ.

ನವರಾತ್ರಿಯ ಮೊದಲ ದಿನದಿಂದ ಹಿಂದಕ್ಕೆ ಮೂರು ವಾರ ಎಣಿಸಿ ಅಂದೇ ಪ್ಲೇ ಸ್ಟೋರ್‌ನಲ್ಲಿ ಶೇ 5ಕ್ಕೆ ಬಿಡಿ. ಆ ಶೇ 5ರಲ್ಲಿ ದಿನಕ್ಕೆ 200 ಸೆಷನ್ ಮಾತ್ರ ಇದ್ದರೆ ಒಂದೇ ಕ್ರ್ಯಾಶ್ ಶೇ 0.5 ಎಂದು ಕಾಣುತ್ತದೆ. ಅಂಥ ಚಿಕ್ಕ ಲೆಕ್ಕದಲ್ಲಿ ಶೇಕಡಾವಾರು ಬಿಟ್ಟು ಒಂದೊಂದು ವರದಿಯನ್ನೂ ತೆರೆದು ಓದಿ. ಎರಡು ದಿನ ನೋಡಿ ಶೇ 20, ಮತ್ತೆರಡು ದಿನ ನೋಡಿ ಶೇ 50. ಹಬ್ಬಕ್ಕೆ ವಾರ ಉಳಿದಾಗ ಎಲ್ಲರಿಗೂ ತಲುಪಿರಬೇಕು. ಅಲ್ಲಿಂದ ವಿಜಯದಶಮಿ ಮುಗಿಯುವವರೆಗೆ ಹೊಸ ಬಿಲ್ಡ್ ಬೇಡ. ಹೊಸ ಸೌಲಭ್ಯ ಪ್ರತಿಯೊಂದಕ್ಕೂ ರಿಮೋಟ್ ಕಾನ್ಫಿಗ್‌ನಲ್ಲಿ ಆಫ್ ಮಾಡುವ ಸ್ವಿಚ್ ಇಡಿ. ಆಫ್ ಮಾಡಿದಾಗ ಆ್ಯಪ್ ಹಳೆಯ ದಾರಿಯಲ್ಲಿ ಸರಿಯಾಗಿ ಹೋಗುತ್ತದೆಯೇ ಎಂದು ಬಿಡುವ ಮೊದಲೇ ಪರೀಕ್ಷಿಸಿ, ಮತ್ತು ಆ ಸ್ವಿಚ್ ಒತ್ತುವ ಅಧಿಕಾರ ರಾತ್ರಿ ಪಾಳಿಯಲ್ಲಿ ಫೋನ್ ಎತ್ತುವವರ ಬಳಿಯೂ ಇರಲಿ.